ಮ್ಯಾನ್‌ಡಾಕ್ ಲಿಂಟ್: ನಾಲ್ಕು ವರ್ಷ ಅದರ ಕೈಲಿ ಬೈಸ್ಕೊಂಡ್ಮೇಲೆ ಬರೀತಿರೋ ರಿವ್ಯೂ

ನಾನು ನೋಡ್ಕೊಳ್ಳೋ ಸಣ್ಣಪುಟ್ಟ ಕಮಾಂಡ್‌ಗಳಿಗೆ ಹತ್ರತ್ರ 40 ಮ್ಯಾನ್ ಪೇಜ್ (ಟರ್ಮಿನಲ್‌ನಲ್ಲಿ ಓದೋ ಕಮಾಂಡಿನ ಕೈಪಿಡಿ) ಇದಾವೆ, ಒಬ್ಬೊಬ್ರು ಒಂದೊಂದು ಕಾಲದಲ್ಲಿ ಬರೆದಿದ್ದು, ಅವುಗಳ ಮಾರ್ಕಪ್ ನೋಡಿದ್ರೆ ತಲೆ ತಿರುಗುತ್ತೆ. ಇದು ಆಪ್ಷನ್ನು, ಇದು ಫೈಲ್ ಹೆಸರು ಅಂತ ಗುರುತು ಹಾಕೋ ಮ್ಯಾಕ್ರೋಗಳನ್ನ ಕಲಿಯೋ ತಾಳ್ಮೆ ಯಾರಿಗೂ ಇರ್ಲಿಲ್ಲ, ನನ್ನನ್ನೂ ಸೇರಿಸಿ. ಸ್ಕ್ರೀನ್ ಮೇಲೆ ದಪ್ಪಗೆ ಕಂಡ್ರೆ ಸಾಕು ಅಂತ ಎಲ್ಲಾ ಕಡೆ ಬ್ಯಾಕ್‌ಸ್ಲ್ಯಾಷ್ ಹಾಕಿ ಬೋಲ್ಡ್ ಮಾಡಿದ್ದೇ ಮಾಡಿದ್ದು. ಆಪ್ಷನ್ನೂ ಬೋಲ್ಡು, ಫೈಲ್ ಹೆಸರೂ ಬೋಲ್ಡು, ಸುಮ್ನೆ ಒತ್ತಿ ಹೇಳ್ಬೇಕು ಅನ್ಸಿದ ಪದಾನೂ ಬೋಲ್ಡು.

ಇದನ್ನೆಲ್ಲ ಕ್ಲೀನ್ ಮಾಡಕ್ಕೆ ಅಂತ ಮ್ಯಾನ್‌ಡಾಕ್ ಅನ್ನೋ ಪ್ರೋಗ್ರಾಂ ಹಾಕ್ಕೊಂಡೆ. 2008ರಲ್ಲಿ ಕ್ರಿಸ್ಟಾಪ್ಸ್ ಜೊನ್ಸನ್ಸ್ ಶುರು ಮಾಡಿದ್ದು, ಆಮೇಲೆ ಇಂಗೊ ಶ್ವಾರ್ಜ್ ಮುಂದುವರಿಸಿದ್ದು, ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ಮಲ್ಲಿ ಮ್ಯಾನ್ ಪೇಜ್ ತೋರ್ಸೋದೇ ಇದು. ಪೇಜ್ ತೋರಿಸೋ ಕೆಲಸಕ್ಕೆ ನಂಗೆ ಬೇಕಿರ್ಲಿಲ್ಲ, ಬೇಕಿದ್ದಿದ್ದು ಅದರ ಲಿಂಟ್ ಮೋಡ್, ಅಂದ್ರೆ ತಪ್ಪು ಹುಡುಕೋ ಮೋಡ್. ಫೈಲ್ ಕೊಟ್ರೆ ಎಷ್ಟನೇ ಲೈನು, ಎಷ್ಟನೇ ಕಾಲಮ್ಮು, ಏನು ತಪ್ಪು ಅಂತ ಒಂದೊಂದೇ ಸಾಲಲ್ಲಿ ಹೇಳುತ್ತೆ.

ಮೊದಲನೇ ದಿನವೇ ನನ್ನ ಮಾನ ಹೋಯ್ತು. ಒಂದು ಪೇಜಲ್ಲಿ ಹೋಮ್ ಡೈರೆಕ್ಟರಿಯ .ಪ್ರೊಫೈಲ್ ಫೈಲ್ ಬಗ್ಗೆ ಒಂದು ವಾಕ್ಯ ಇತ್ತು, ಎಡಿಟರ್ ಲೈನ್ ಮುರಿದಾಗ ಆ ಚುಕ್ಕೆ ಸರಿಯಾಗಿ ಲೈನ್ ಶುರುವಿಗೆ ಬಂದು ಕೂತ್ಬಿಟ್ಟಿತ್ತು. ಲೈನ್ ಶುರುವಲ್ಲಿ ಚುಕ್ಕೆ ಇದ್ರೆ ಮ್ಯಾನ್ ಪೇಜ್ ಬರೆಯೋ ರಾಫ್ ಭಾಷೆಲಿ ಅದು ಮ್ಯಾಕ್ರೋ ಅಂತ ಲೆಕ್ಕ, ಗೊತ್ತಿಲ್ದಿರೋ ಮ್ಯಾಕ್ರೋ ಆದ್ರೆ ಆ ಲೈನ್ ಪೂರ್ತಿ ಗುಳುಂ. ಎರಡು ವರ್ಷ ಆ ಅರ್ಧ ವಾಕ್ಯ ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ, ನಾನೇ ಎಷ್ಟು ಸಲ ಓದಿದೀನೋ. ಲಿಂಟ್ ನೇರವಾಗಿ ಎರರ್ ಅಂತ ಬೆರಳು ತೋರಿಸ್ತು. ಚುಕ್ಕೆಗಿಂತ ಮೊದಲು ಬ್ಯಾಕ್‌ಸ್ಲ್ಯಾಷ್ ಮತ್ತು ಆಂಪರ್‌ಸ್ಯಾಂಡ್ ಹಾಕಿದ್ರೆ ಸರಿಹೋಗುತ್ತೆ, ಅಷ್ಟೇ.

ಆಮೇಲೆ ಉತ್ಸಾಹ ಜಾಸ್ತಿಯಾಗಿ ಎಲ್ಲಾ ಬೋಲ್ಡ್ ಆಪ್ಷನ್ನೂ ಒಂದೇ ಸಲ ಸೆಡ್ (ಹುಡುಕಿ ಬದಲಾಯಿಸೋ ಕಮಾಂಡ್) ಹೊಡೆದು ಎಂಡಾಕ್ ಅನ್ನೋ ಮ್ಯಾಕ್ರೋ ಸೆಟ್‌ನಲ್ಲಿ ಆಪ್ಷನ್‌ಗೆ ಅಂತ ಇರೋ ಎಫ್‌ಎಲ್ ಮ್ಯಾಕ್ರೋಗೆ ಬದಲಾಯಿಸಿದೆ, ದಯವಿಟ್ಟು ಹಂಗೆ ಮಾಡ್ಬೇಡಿ. ಎಫ್‌ಎಲ್ ತಾನೇ ಒಂದು ಡ್ಯಾಶ್ ಹಾಕುತ್ತೆ, ನಾನು ಉದ್ದದ ಆಪ್ಷನ್‌ಗಳಿಗೆ ಎರಡು ಡ್ಯಾಶ್ ಹಂಗೇ ಬಿಟ್ಟಿದ್ರಿಂದ ಮೂರು ಮೂರು ಬಂತು. ಆಪ್ಷನ್ ಪಕ್ಕದ ಕಾಮಾನೂ ಜಾಗ ಬಿಡದೆ ಬರೆದ್ರೆ ಆಪ್ಷನ್ ಹೆಸರಿನ ಭಾಗವೇ ಆಗಿ ದಪ್ಪಗೆ ಬರುತ್ತೆ. ಕಾಮಾ ವಿಷಯ ಲಿಂಟ್ ಹಿಡೀತು, ಮೂರು ಡ್ಯಾಶ್ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ.

ನನ್ನ ತಕರಾರು ಇಲ್ಲೇ ಇರೋದು. ವ್ಯಾಕರಣ ಸರಿ ಇದ್ರೆ ಲಿಂಟ್‌ಗೆ ಖುಷಿ, ಅರ್ಥ ಸರಿ ಇದ್ಯಾ ಅನ್ನೋದು ಅದರ ತಲೆನೋವಲ್ಲ. ಸಬ್‌ಕಮಾಂಡ್‌ಗೆ ಸಿಎಂ ಮ್ಯಾಕ್ರೋ ಹಾಕೋ ಕಡೆ ಆರ್ಗ್ಯುಮೆಂಟ್‌ಗೆ ಹಾಕೋ ಎಆರ್ ಹಾಕಿದ್ರೂ ಒಂದು ಮಾತೂ ಬರಲ್ಲ. ನಾನು ಮೊದಲ ಆರು ತಿಂಗಳು ಲಿಂಟ್ ಸುಮ್ನಾದ್ರೆ ಪೇಜ್ ಮುಗೀತು ಅನ್ಕೊಂಡು ಮುಂದಿನದಕ್ಕೆ ಹೋಗ್ತಿದ್ದೆ, ಆಮೇಲೆ ಮ್ಯಾನ್ ಪೇಜ್ ಹುಡುಕೋ ಆಪ್ರೊಪೋಸ್ ಕಮಾಂಡ್‌ನಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ ಹೆಸರು ಕೊಟ್ಟು ಹುಡುಕಿದಾಗ ಒಂದೂ ಸಿಗ್ಲಿಲ್ಲ. ನೋಡಿದ್ರೆ ಆ ವೇರಿಯಬಲ್‌ಗೆ ಇವಿ ಮ್ಯಾಕ್ರೋ ಹಾಕೋ ಕಡೆಯೆಲ್ಲ ಹಳೇ ಬೋಲ್ಡೇ ಕೂತಿದೆ, ಓದೋರಿಗೆ ವ್ಯತ್ಯಾಸ ಕಾಣಲ್ಲ, ಹುಡುಕೋ ಇಂಡೆಕ್ಸ್‌ಗೆ ಮಾತ್ರ ಅದೇನು ಅಂತಾನೇ ಗೊತ್ತಿಲ್ಲ. ಅವತ್ತು ಮುಗೀತು ಅನ್ಕೊಂಡಿದ್ದ ಪೇಜೆಲ್ಲ ಮತ್ತೆ ಮೊದಲಿಂದ.

ಬರೆಯೋ ರೀತಿ ಬಗ್ಗೆ ಬರೋ ಮೆಸೇಜ್‌ಗಳು ಬೇರೆ. ಹೊಸ ವಾಕ್ಯ ಹೊಸ ಲೈನಲ್ಲಿ ಶುರುವಾಗ್ಲಿ ಅಂತ ಪ್ರತಿ ಸಲ ಗೊಣಗೋದು ಮೊದಮೊದಲು ರೇಗಿಸ್ತಿತ್ತು, ಈಗ ಡಿಫ್ ನೋಡುವಾಗ ಯಾವ ವಾಕ್ಯ ಬದಲಾಯ್ತು ಅಂತ ಕ್ಲೀನಾಗಿ ಕಾಣೋದ್ರಿಂದ ಅಭ್ಯಾಸ ಆಗೋಗಿದೆ. ಬೇರೆ ಪೇಜ್ ನೋಡಿ ಅಂತ ಹೇಳೋ ಎಕ್ಸ್‌ಆರ್ ಮ್ಯಾಕ್ರೋದಲ್ಲಿರೋ ಪೇಜ್ ಸಿಸ್ಟಮ್ಮಲ್ಲಿ ಇಲ್ಲ ಅನ್ನೋ ದೂರು ಮಾತ್ರ ಇವತ್ತಿಗೂ ಕಿರಿಕಿರಿ, ಆ ಪ್ಯಾಕೇಜ್ ಈ ಮೆಷಿನ್ನಲ್ಲಿ ಇನ್‌ಸ್ಟಾಲ್ ಆಗಿಲ್ಲ ಅಷ್ಟೇ ಮಾರಾಯಾ.

ಲಿಂಟನ್ನ ಕಮಿಟ್ ಹುಕ್‌ನಲ್ಲಿ (ಬದಲಾವಣೆ ಸೇರಿಸುವಾಗ ತಾನೇ ಓಡೋ ಸ್ಕ್ರಿಪ್ಟ್) ಹಾಕೋರಿಗೆ ಒಂದು ಮಾತು. ಎಕ್ಸಿಟ್ ಕೋಡ್ 1 ಬಂದ್ರೆ ಬರೀ ಸ್ಟೈಲ್ ಥರದ್ದು, 2 ವಾರ್ನಿಂಗ್, 3 ಎರರ್. ಡಬ್ಲ್ಯೂ ಆಪ್ಷನ್‌ಗೆ ವಾರ್ನಿಂಗ್ ಅಂತ ಕೊಟ್ರೆ ಅದಕ್ಕಿಂತ ಸಣ್ಣದು ಬಾಯಿ ಮುಚ್ಕೊಂಡಿರುತ್ತೆ. ಮೆಸೇಜ್ ಅರ್ಥ ಆಗ್ಲಿಲ್ಲ ಅಂದ್ರೆ ಮ್ಯಾನ್‌ಡಾಕ್‌ದೇ ಮ್ಯಾನ್ ಪೇಜಲ್ಲಿ ಒಂದೊಂದಕ್ಕೂ ವಿವರಣೆ ಇದೆ, ನಾನು ಎರಡು ವರ್ಷ ಆದ್ಮೇಲೆ ನೋಡಿದ್ದು.

ಐದಕ್ಕೆ ನಾಲ್ಕು ಸ್ಟಾರ್. ಇನ್ನೂ ಆರು ಪೇಜ್ ಹಳೇ ಮ್ಯಾನ್ ಮ್ಯಾಕ್ರೋದಲ್ಲೇ ಇದಾವೆ, 1979ರ ಯೂನಿಕ್ಸ್ ಕಾಲದ ಮ್ಯಾಕ್ರೋ, ಅವಕ್ಕೂ ಲಿಂಟ್ ಓಡುತ್ತೆ, ಆದ್ರೆ ಅವನ್ನ ಮುಟ್ಟಕ್ಕೆ ಈ ವರ್ಷ ಧೈರ್ಯ ಇಲ್ಲ.