ಗದ್ದೆ ಬಯಲಲ್ಲಿ ಬಂದ ಫೈಬರ್: ಲ್ಯಾಂಕಾಶೈರ್‌ನ ಬಿ4ಆರ್‌ಎನ್ ಹೇಗಿದೆ?

ಇಂಗ್ಲೆಂಡಿನ ಲ್ಯಾಂಕಾಸ್ಟರ್ ಕಡೆ ಕೆಲಸ ಸಿಕ್ಕಿ, ಹಳ್ಳಿಯಲ್ಲಿ ಮನೆ ಹುಡುಕುವ ಕನ್ನಡದವರು ನನ್ನನ್ನು ಮೊದಲು ಕೇಳುವುದು ಒಂದೇ: "ಅಲ್ಲಿ ನೆಟ್ ಸರಿಯಾಗಿ ಬರುತ್ತಾ?" ಬರುತ್ತೆ. ಲೂನ್ ನದಿ ಕಣಿವೆಯ ಹಳ್ಳಿಗಳಲ್ಲಿ ದೊಡ್ಡ ಪಟ್ಟಣಗಳ ಎಷ್ಟೋ ಮನೆಗಳಿಗಿಂತ ಚೆನ್ನಾಗಿ ಬರುತ್ತೆ. ಕೊಡುವುದು ಊರವರೇ ಕಟ್ಟಿಕೊಂಡ ಸಂಸ್ಥೆ, ಬಿ4ಆರ್‌ಎನ್. ಬ್ರಾಡ್‌ಬ್ಯಾಂಡ್ ಫಾರ್ ದಿ ರೂರಲ್ ನಾರ್ತ್ ಅಂತ ಪೂರ್ತಿ ಹೆಸರು. ಇಲ್ಲಿ ಎಲ್ಲರ ಬಾಯಲ್ಲೂ ಅದು 'ಬಾರ್ನ್'.

ಮೊದಲು ಸರ್ವಿಸ್ ವಿಷಯ. ಮನೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ. ಡೌನ್‌ಲೋಡ್ ಎಷ್ಟೋ ಅಪ್‌ಲೋಡೂ ಅಷ್ಟೇ. ನಾನು ಕಟ್ಟಡಗಳ ಡ್ರಾಯಿಂಗ್ ಮಾಡಿ ಬೆಂಗಳೂರಿನ ಆಫೀಸಿಗೆ ಕಳಿಸುವವಳು. ಹಿಂದಿನ ಮನೆಯಲ್ಲಿ ಹಳೇ ತಾಮ್ರದ ಫೋನ್ ಲೈನ್ ಇತ್ತು. ರಾತ್ರಿ ಫೈಲ್ ಹಾಕಿ ಮಲಗಿದರೆ ಬೆಳಿಗ್ಗೆ ಅರ್ಧಕ್ಕೆ ನಿಂತಿರುತ್ತಿತ್ತು. ಈಗ ಚಹಾ ಸೋಸುವಷ್ಟರಲ್ಲಿ ಹೋಗಿರುತ್ತದೆ. ಇಲ್ಲಿ ಪ್ರತಿ ಮನೆಗೂ ಬೇರೆ ಬೇರೆ ಫೈಬರ್ ಎಳೆ, ಅಂದರೆ ಬೆಳಕಿನ ಮೂಲಕ ಡೇಟಾ ಸಾಗಿಸುವ ಗಾಜಿನ ಎಳೆ. ಪಕ್ಕದ ಮನೆ ಮಕ್ಕಳು ಗೇಮ್ ಆಡಲು ಕೂತರೆ ನಮ್ಮ ಎಳೆ ಹಂಚಿಹೋಗುವ ಮಾತಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ದರ. ತುಂಬಾ ವರ್ಷ ತಿಂಗಳಿಗೆ 30 ಪೌಂಡ್ ಇತ್ತು, ಆಮೇಲೆ ಸ್ವಲ್ಪ ಏರಿದೆ. ರಸ್ತೆ ಪಕ್ಕದ ಮನೆಗೂ ಗುಡ್ಡದ ತುದಿಯ ಒಂಟಿ ಫಾರ್ಮ್‌ಗೂ ಅದೇ ದರ, ಅದೇ ವೇಗ. ಒಂದು ಮನೆಗೋಸ್ಕರ ಮೈಲುಗಟ್ಟಲೆ ಕೇಬಲ್ ಎಳೆದರೆ ಲಾಭಕ್ಕೆ ನಿಂತ ಕಂಪನಿಗೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಅದಕ್ಕೇ ಅಂಥ ಒಂಟಿ ಮನೆಯವರು ಯಾವಾಗಲೂ ಕೊನೆಗೆ ಉಳಿಯುತ್ತಾರೆ. ಬಿ4ಆರ್‌ಎನ್‌ನವರು ಆ ಮನೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ನಕ್ಷೆ ಬಿಡಿಸಿದರು.

ಅದು ಸಾಧ್ಯವಾದದ್ದು ಹೇಗೆ ಅಂದರೆ, ರಸ್ತೆ ಬಿಟ್ಟು ಹೊಲಕ್ಕೆ ಇಳಿದರು. ಟಾರು ರಸ್ತೆ ಅಗೆಯುವುದು ಬಹಳ ದುಬಾರಿ, ಹುಲ್ಲುಗಾವಲು ಅಗೆಯುವುದು ಅಗ್ಗ. 2011ರಲ್ಲಿ ಸಂಸ್ಥೆ ಶುರುವಾಯಿತು, ಮರುವರ್ಷ ಅಗೆತ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಟ್‌ವರ್ಕ್ ಕೆಲಸ ಮಾಡಿದ್ದ ಬ್ಯಾರಿ ಫೋರ್ಡ್ ಮತ್ತು ರೇ ಎಂಬ ಹಳ್ಳಿಯ ರೈತಾಪಿ ಮನೆಯ ಕ್ರಿಸ್ ಕಾಂಡರ್ ಮುಂದೆ ನಿಂತರು. ಜಮೀನಿನವರು ಬಾಡಿಗೆ ಕೇಳದೆ ದಾರಿ ಬಿಟ್ಟುಕೊಟ್ಟರು. ತಾವೇ ಅಗೆದವರಿಗೆ ಮೀಟರ್ ಲೆಕ್ಕದಲ್ಲಿ ಕೂಲಿ. ಅದನ್ನು ಎಷ್ಟೋ ಜನ ಸಂಸ್ಥೆಯಲ್ಲೇ ಷೇರಾಗಿ ಬಿಟ್ಟರು. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಓಟು. ಆ ಷೇರನ್ನು ಹೊರಗಿನವರಿಗೆ ಮಾರುವ ಹಾಗಿಲ್ಲ.

ನಮ್ಮ ಮನೆಗೆ ಎಳೆ ಬಂದ ದಿನ ನಾನು ಅಲ್ಲೇ ನಿಂತು ನೋಡಿದೆ. ಮೊದಲೇ ಹೂತಿಟ್ಟ ಸಣ್ಣ ಪೈಪಿನೊಳಗೆ ಕಂಪ್ರೆಸರ್ ಗಾಳಿಯಿಂದ ಫೈಬರನ್ನು ಊದಿ ತಳ್ಳುತ್ತಾರೆ. ಇನ್ನೊಂದು ತುದಿಯಲ್ಲಿ ಅದು ಸರ್ರನೆ ಹೊರಗೆ ಬರುತ್ತದೆ. ಆಮೇಲೆ ಜೋಡಣೆ. ಹೊರಗಿನ ಪದರ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ತುದಿ ನೇರವಾಗಿ ಕತ್ತರಿಸಿ ಪುಟ್ಟ ಯಂತ್ರದಲ್ಲಿ ಇಟ್ಟರು. ಕೂದಲಿನಷ್ಟು ಸಣ್ಣ ಗಾಜಿನ ಎರಡು ತುದಿ ಪರದೆಯ ಮೇಲೆ ದಪ್ಪವಾಗಿ ಕಂಡವು. ಒಂದು ಕಿಡಿ, ಎರಡೂ ಒಂದಾದವು.

ಒಮ್ಮೆ ಬೇಲಿ ಕಂಬ ನೆಡುವವರು ಪೈಪ್ ತುಂಡು ಮಾಡಿದರು. ಫೋನ್ ಮಾಡಿದರೆ ಎತ್ತಿದವರು ಕೇಳಿದ್ದು, "ಮೇಲಿನ ಗೇಟಿನ ಹತ್ತಿರವಾ, ಹಳ್ಳದ ಪಕ್ಕವಾ?" ಅಂತ. 'ಒಂದು ಒತ್ತಿ, ಎರಡು ಒತ್ತಿ' ಕೇಳಿಯೇ ವರ್ಷ ಕಳೆದವಳಿಗೆ ಎಂಥ ನೆಮ್ಮದಿ ಗೊತ್ತಾ? ಅವತ್ತೇ ಸಂಜೆ ಲೈನ್ ಸರಿಯಾಯಿತು.

ಕೊರತೆ ಇಲ್ಲವೇ ಅಂದರೆ, ಇದೆ. ಟಿವಿ, ಫೋನ್ ಸೇರಿಸಿದ ಪ್ಯಾಕೇಜ್ ಸಿಗದು. ಲ್ಯಾಂಡ್‌ಲೈನ್ ನಂಬರ್ ಬೇಕಾದರೆ ಇಂಟರ್ನೆಟ್ ಮೇಲೆ ನಡೆಯುವ ಫೋನನ್ನು ಬೇರೆ ಕಡೆ ಮಾಡಿಸಿಕೊಳ್ಳಬೇಕು. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ವಯಸ್ಸಾದವರು ಇದ್ದರೆ ಬ್ಯಾಟರಿ ಬ್ಯಾಕಪ್ ಇಟ್ಟುಕೊಳ್ಳಲೇಬೇಕು. ಇನ್ನು ನಿಮ್ಮ ಹಳ್ಳಿಗೆ ಲೈನ್ ಬಂದಿಲ್ಲವಾದರೆ ಸುಮ್ನೆ ಅರ್ಜಿ ಹಾಕಿ ಕೂತರೆ ಆಗದು. ಊರಲ್ಲಿ ನಾಲ್ಕು ಜನ ಓಡಾಡಿ ಜಮೀನಿನವರನ್ನು ಒಪ್ಪಿಸಬೇಕು. ಒಬ್ಬರು ಒಲ್ಲೆ ಅಂದರೂ ದಾರಿ ಸುತ್ತು.

ನಾನು ತೀರ್ಥಹಳ್ಳಿ ಕಡೆಯವಳು. 2020ರಲ್ಲಿ ಅಕ್ಕನ ಮಗಳು ಆನ್‌ಲೈನ್ ಕ್ಲಾಸಿಗೆ ಗುಡ್ಡದ ಮೇಲೆ ಕೊಡೆ ಹಿಡಿದು ಕೂತಿದ್ದಳು. ಸರ್ಕಾರದ ಭಾರತ್‌ನೆಟ್ ಯೋಜನೆಯ ಫೈಬರ್ ಪಂಚಾಯಿತಿ ಕಚೇರಿವರೆಗೆ ಬಂದರೂ ತೋಟದ ನಡುವಿನ ಮನೆ ಅಲ್ಲಿಂದ ದೂರವೇ. ಆದರೆ ಗುಡ್ಡದ ಅಬ್ಬಿ ನೀರನ್ನು ಪಕ್ಕದವರ ತೋಟದಲ್ಲಿ ಪೈಪ್ ಹಾಯಿಸಿ ಮನೆಗೆ ತಂದವರು ನಾವು. ಅಡಿಕೆಗೆ ಮ್ಯಾಮ್ಕೋಸ್, ಶಿರಸಿಯ ಟಿಎಸ್ಎಸ್‌ನಂಥ ಸಹಕಾರಿ ಸಂಘ ಕಟ್ಟಿ ನಡೆಸಿದವರೂ ನಾವೇ. ಲೈಸೆನ್ಸು, ಮಳೆಗಾಲ, ಕರೆಂಟು ಎಲ್ಲ ಅಲ್ಲಿಯ ಲೆಕ್ಕವೇ ಬೇರೆ, ನಿಜ. ಆದರೂ ನಮ್ಮ ಕಡೆಯ ಸಂಘದವರು ಯಾರಾದರೂ ಇಲ್ಲಿಗೆ ಬಂದರೆ ಮೆಲಿಂಗ್ ಹಳ್ಳಿಯಲ್ಲಿರುವ ಬಿ4ಆರ್‌ಎನ್ ಕಚೇರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಮನೆ ಹುಡುಕುತ್ತಿರುವವರಿಗೆ: ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಪೋಸ್ಟ್‌ಕೋಡ್ ಕೊಟ್ಟು ಬಿ4ಆರ್‌ಎನ್‌ನವರನ್ನೇ ಕೇಳಿ. ಪೈಪ್ ಗೋಡೆವರೆಗೆ ಬಂದಿದೆಯಾ, ಗೇಟಿನಲ್ಲೇ ನಿಂತಿದೆಯಾ ಅಂತ ಮನೆ ಮಾಲೀಕರಿಂದ ತಿಳಿದುಕೊಳ್ಳಿ. ಗೇಟಿನಲ್ಲೇ ನಿಂತಿದ್ದರೆ ಅಂಗಳ ಅಗೆಯುವವರು ಯಾರು ಅನ್ನುವುದನ್ನು ಆಗಲೇ ಮಾತಾಡಿಕೊಳ್ಳಿ.