ಈವ್ ಆನ್‌ಲೈನ್‌ನಲ್ಲಿ ಗ್ರಹ ಗೇಣಿಗೆ ತೆಗೆದುಕೊಳ್ಳುವವರು ದಯವಿಟ್ಟು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ಇದು ಗೇಮ್ ಮೇಲಿನ ದೂರಲ್ಲ. ಗ್ರಹ ಅಗೆದು ಮಾಲು ತೆಗೆಯುವ, ಹಡಗು ಓಡಿಸುವ ಈ ಬಾಹ್ಯಾಕಾಶದ ಗೇಮನ್ನು ನಾಲ್ಕು ವರ್ಷದಿಂದ ಆಡುತ್ತಿದ್ದೇನೆ, ಇನ್ನು ಮುಂದೆಯೂ ಆಡುತ್ತೇನೆ. ದೂರು ಇರುವುದು ಒಬ್ಬ ಮನುಷ್ಯನ ಮೇಲೆ. ಮಂಗಳೂರು, ಉಡುಪಿ, ಮಣಿಪಾಲದ ಕಡೆಯವರನ್ನೇ ಹುಡುಕಿ ಹುಡುಕಿ ಹಿಡಿಯುತ್ತಾನೆ. ತುಳು ಬಂದರೆ ತುಳು, ಇಲ್ಲದಿದ್ದರೆ ಕನ್ನಡ. ನಲ್-ಸೆಕ್‌ನಲ್ಲಿ (ಆಟಗಾರರ ಗುಂಪುಗಳೇ ಆಳುವ ಪ್ರದೇಶ) ಒಳ್ಳೆಯ ಗ್ರಹ ಉಂಟು, ಗೇಣಿಗೆ ಕೊಡ್ತೇನೆ ಅನ್ನುತ್ತಾನೆ. ಐದು ಗ್ರಹ, ಮೂರು ತಿಂಗಳ ಗೇಣಿ ಮುಂಗಡ. ನಾನು 45 ಕೋಟಿ ಇಸ್ಕ್ (ಗೇಮ್ ಒಳಗಿನ ದುಡ್ಡು) ಕೊಟ್ಟೆ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಚಿಕ್ಕಪ್ಪನ ಮಗನಿಂದಲೂ ಕೊಡಿಸಿದೆ. ಅವನು ಗೇಮ್‌ಗೆ ಹೊಸಬ, ನನ್ನ ಮಾತು ನಂಬಿ ಇದ್ದ ಅಷ್ಟೂ ಇಸ್ಕ್ ಕೊಟ್ಟ.

ಪರಿಚಯ ಆಗಿದ್ದು ಡಿಸ್ಕಾರ್ಡ್‌ನಲ್ಲಿ. "ಎಂತ ಮಾರಾಯ್ರೆ, ಬಿಜೈಯಾ ನಿಮ್ದು? ನಾವು ಇಲ್ಲೇ ಸುರತ್ಕಲ್" ಅಂತ ಶುರು. ಎರಡು ವಾರ ಒಟ್ಟಿಗೆ ಆಡಿದೆವು. ನನ್ನ ಹಡಗು ಹೋದಾಗ ಇನ್ನೊಂದು ಹಡಗು ಕೊಟ್ಟ, ದುಡ್ಡು ಕೇಳಲಿಲ್ಲ. ಊರಿನವನು, ಧ್ವನಿ ಕೇಳಿದ್ದೇನೆ, ಸಹಾಯ ಮಾಡಿದ್ದಾನೆ, ಇನ್ನೇನು ಬೇಕು ಅಂದುಕೊಂಡೆ.

ಆಮೇಲೆ ಒಂದು ಶೀಟ್ ಕಳಿಸಿದ. ಬ್ಯಾರನ್ ಅನ್ನುವ ಜಾತಿಯ ಗ್ರಹ, ಅಗೆಯಲು ಹತ್ತು ಹೆಡ್, ಬೇಸ್ ಮೆಟಲ್ಸ್ ಅನ್ನುವ ಕಚ್ಚಾ ಮಾಲು ಗಂಟೆಗೆ 36,000. ಅದನ್ನು 24ರಿಂದ ಗುಣಿಸಿ, 30ರಿಂದ ಗುಣಿಸಿ, ತಿಂಗಳಿಗೆ 2 ಕೋಟಿ 59 ಲಕ್ಷ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ. ಬೇಸಿಕ್ ಫ್ಯಾಕ್ಟರಿ ಅರ್ಧ ಗಂಟೆಗೆ 3,000 ತಿಂದು 20 ರಿಯಾಕ್ಟಿವ್ ಮೆಟಲ್ಸ್ ಕೊಡುತ್ತದೆ, ಆ ಲೆಕ್ಕದಲ್ಲಿ ಆರು ಫ್ಯಾಕ್ಟರಿ, ತಿಂಗಳಿಗೆ 1,72,800. ಗುಣಾಕಾರ ಸರಿಯಾಗಿಯೇ ಇತ್ತು. ನಾನು ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ನೋಡಿದೆ. ಗುಣಾಕಾರ ನೋಡಿದೆನೇ ಹೊರತು, ಆ 36,000 ಎಲ್ಲಿಂದ ಬಂತು ಅಂತ ಕೇಳಲಿಲ್ಲ.

ಅದು ಒಂದು ಗಂಟೆಯ ಪ್ರೋಗ್ರಾಂನ ಸಂಖ್ಯೆ! ನೆಲದಿಂದ ಮಾಲು ತೆಗೆಯುವ ಎಕ್ಸ್‌ಟ್ರಾಕ್ಟರ್‌ಗೆ ಒಂದು ಗಂಟೆಯಿಂದ 14 ದಿನದವರೆಗೆ ಪ್ರೋಗ್ರಾಂ ಹಾಕಬಹುದು. ಅವಧಿ ಕಮ್ಮಿ ಇಟ್ಟಷ್ಟೂ ಗಂಟೆಯ ಸರಾಸರಿ ಜಾಸ್ತಿ, ಉದ್ದ ಇಟ್ಟಷ್ಟೂ ಇಳಿಯುತ್ತದೆ. ಗಂಟೆಗೊಮ್ಮೆ ಎದ್ದು ಪ್ರೋಗ್ರಾಂ ಹಾಕುವವರು ಯಾರಿದ್ದಾರೆ? ಮಲ್ಪೆಯಲ್ಲಿ ಜೂನ್, ಜುಲೈ ಎರಡು ತಿಂಗಳ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟು ಇಳಿದಾಗ ಮೊದಲ ಬಲೆಗೆ ಬಿದ್ದ ಮೀನು ನೋಡಿ ಯಾರಾದರೂ ಇಡೀ ವರ್ಷದ ಲೆಕ್ಕ ಹಾಕುತ್ತಾರಾ? ಇವನು ಹಾಕಿದ್ದು ಅದೇ ಲೆಕ್ಕ. ನಾನು ಒಪ್ಪಿದ್ದೂ ಅದನ್ನೇ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಶೀಟ್ ಜೊತೆ ಒಂದು ಸ್ಕ್ರೀನ್‌ಶಾಟ್ ಇತ್ತು. ಗ್ರಹ ಪೂರ್ತಿ ಬೆಳ್ಳಗೆ, ಅಲ್ಲಲ್ಲಿ ಕೆಂಪು. ಆಡುವವರಿಗೆ ಗೊತ್ತು, ಬಿಳಿ ಅಂದರೆ ಅಲ್ಲಿ ಮಾಲು ಅತಿ ಹೆಚ್ಚು. ನೋಡಿದ ಕೂಡಲೇ ಆಸೆ ಹುಟ್ಟಿಬಿಟ್ಟಿತು.

ಜುಲೈನ ಒಂದು ಶುಕ್ರವಾರ ರಾತ್ರಿ. ಹೊರಗೆ ಜೋರು ಮಳೆ, ಎರಡು ಸಲ ಕರೆಂಟ್ ಹೋಗಿ ಬಂತು. ಕಮಾಂಡ್ ಸೆಂಟರ್ ಇಳಿಸಿ, ಅಪ್‌ಗ್ರೇಡ್ ಮಾಡಿ, ಲಾಂಚ್‌ಪ್ಯಾಡ್ ಕಟ್ಟಿ, ಆರು ಫ್ಯಾಕ್ಟರಿ ಕಟ್ಟಿ, ಲಿಂಕ್ ಎಳೆದು ಮುಗಿಸುವಾಗ ಗಂಟೆ ಹನ್ನೆರಡೂವರೆ. ಆಮೇಲೆ ಎಕ್ಸ್‌ಟ್ರಾಕ್ಟರ್ ತೆರೆದು ಹತ್ತು ಹೆಡ್ ಹಾಕಿ, ಎರಡು ದಿನದ ಪ್ರೋಗ್ರಾಂ ಇಟ್ಟೆ. ಗಂಟೆಗೆ 14,200. ನಾನೇ ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡು ಹೆಡ್‌ಗಳನ್ನು ಅಲ್ಲಿ ಇಲ್ಲಿ ಎಳೆದೆ. ಹತ್ತಿರ ಹತ್ತಿರ ಇಟ್ಟರೆ ಒಂದರ ಪಾಲು ಇನ್ನೊಂದು ತಿನ್ನುತ್ತದೆ, ದೂರ ಇಟ್ಟರೆ ಮಾಲು ಜಾಸ್ತಿ ಇರುವ ಹಾಟ್‌ಸ್ಪಾಟ್ ತಪ್ಪುತ್ತದೆ. ಮುಕ್ಕಾಲು ಗಂಟೆ ಎಳೆದೆ. 14,500 ದಾಟಲೇ ಇಲ್ಲ. ಕೆಳಗಿನ ಗ್ರಾಫ್‌ನಲ್ಲಿ ಮೊದಲ ಎರಡು ಮೂರು ಗೆರೆ ಉದ್ದ, ಆಮೇಲೆ ಒಂದೊಂದೇ ಗಿಡ್ಡ ಆಗುತ್ತಾ ಕೊನೆಗೆ ನೆಲಕ್ಕೆ ಅಂಟಿದ ಹಾಗೆ. ಅವನು ಕಳಿಸಿದ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಅದರಲ್ಲಿ ಗ್ರಾಫ್ ಇದ್ದ ಜಾಗವೇ ಇರಲಿಲ್ಲ, ಕತ್ತರಿಸಿದ್ದ.

ಆಗ ಕಣ್ಣಿಗೆ ಬಿದ್ದದ್ದು ಸ್ಲೈಡರ್. ಸ್ಕ್ಯಾನ್ ಮಾಡುವಾಗ ಮೇಲೆ ಬಣ್ಣದ ಪಟ್ಟಿ ಇರುತ್ತದಲ್ವಾ, ಅದರ ಮೇಲ್ತುದಿಯನ್ನು ಕೆಳಗೆ ಎಳೆದರೆ ಎಂಥ ಬಡ ಗ್ರಹವೂ ಬೆಳ್ಳಗೆ ಕಾಣುತ್ತದೆ. ಅವನ ಚಿತ್ರದಲ್ಲಿ ಆ ಮೇಲ್ತುದಿ ಅರ್ಧಕ್ಕಿಂತ ಕೆಳಗೆ ಇತ್ತು. ಚಿತ್ರದಲ್ಲೇ ಇತ್ತು! ನನ್ನ ಕಣ್ಣ ಮುಂದೆಯೇ ಇತ್ತು, ನೋಡಲಿಲ್ಲ. ನನ್ನ ಸ್ಕ್ರೀನ್‌ನಲ್ಲಿ ಅದನ್ನು ತುದಿಯವರೆಗೆ ಎಳೆದೆ. ಗ್ರಹ ನೀಲಿ ಆಯಿತು. ಪೂರ್ತಿ ನೀಲಿ, ಒಂದು ಮೂಲೆಯಲ್ಲಿ ಹಳದಿ ಚುಕ್ಕೆ. ಬೇರೆಯವರ ನೆಟ್‌ವರ್ಕ್ ತೋರಿಸುವ ಬಟನ್ ಒತ್ತಿದೆ. ಆ ಹಳದಿ ಚುಕ್ಕೆಯ ಸುತ್ತ ಏಳು ಜನರ ಕಟ್ಟಡ. ಒಂದೇ ಗ್ರಹವನ್ನು ಏಳು ಜನರಿಗೆ ಗೇಣಿಗೆ ಕೊಟ್ಟಿದ್ದಾನೆ. ನಾನು ಎಂಟನೆಯವ. ಒಂದೇ ಜಾಗವನ್ನು ಎಲ್ಲರೂ ಅಗೆದರೆ ಅದು ಬರಿದಾಗದೆ ಏನಾಗುತ್ತದೆ?

ಕುರ್ಚಿಯಲ್ಲಿ ಹಾಗೇ ಕೂತೆ. ಅಷ್ಟರಲ್ಲಿ ತಮ್ಮನ ಮೆಸೇಜ್ ಬಂತು, "ಅಣ್ಣಾ, ನಂದು 11,000 ಅಂತ ತೋರಿಸ್ತಾ ಉಂಟು, ಎಂತ ತಪ್ಪು ಮಾಡಿದೆ?" ಅವನಿಗೆ ಆ ರಾತ್ರಿ ಉತ್ತರ ಕೊಡಲಿಲ್ಲ. ಕೊಡಲು ಆಗಲಿಲ್ಲ.

ಬೆಳಿಗ್ಗೆ ಆ ಮನುಷ್ಯನಿಗೆ ಬರೆದೆ. ಉತ್ತರಗಳು ಹೇಗಿದ್ದವು ನೋಡಿ.

"ಪ್ಲಾನೆಟ್ ಅಂದ್ರೆ ಹಾಗೇ ಅಲ್ವಾ, ಒಂದು ದಿನ ಜಾಸ್ತಿ ಒಂದು ದಿನ ಕಮ್ಮಿ."

36,000 ಎಲ್ಲಿ, 14,000 ಎಲ್ಲಿ ಅಂತ ಕೇಳಿದೆ. "ನಿಮ್ದು ಸ್ಕಿಲ್ ಕಮ್ಮಿ ಉಂಟು ಕಾಣ್ತದೆ. ಪ್ಲಾನೆಟಾಲಜಿ ಟ್ರೈನ್ ಮಾಡಿ, ಸರಿ ಆಗ್ತದೆ." ಇದು ಹಸಿ ಸುಳ್ಳು. ಪ್ಲಾನೆಟಾಲಜಿ ಇದ್ದರೆ ಸ್ಕ್ಯಾನ್ ಸ್ಪಷ್ಟ ಕಾಣುತ್ತದೆ ಅಷ್ಟೆ, ನೆಲದಿಂದ ಒಂದು ಕಾಳೂ ಜಾಸ್ತಿ ಬರುವುದಿಲ್ಲ. ಇಷ್ಟು ವರ್ಷ ಆಡಿದವನಿಗೆ ಇದು ಗೊತ್ತಿಲ್ಲವಾ? ಗೊತ್ತು. ಹೊಸಬರಿಗೆ ಗೊತ್ತಿರುವುದಿಲ್ಲ, ಅವರು ತಮ್ಮದೇ ತಪ್ಪು ಅಂದುಕೊಂಡು ಎರಡು ವಾರ ಟ್ರೈನಿಂಗ್‌ಗೆ ಹಾಕಿ ಕಾಯುತ್ತಾರೆ, ಅಷ್ಟರಲ್ಲಿ ಗೇಣಿಯ ದಿನ ಕಳೆಯುತ್ತದೆ. ತಮ್ಮ ನಿಜವಾಗಿ ಟ್ರೈನಿಂಗ್‌ಗೆ ಹಾಕಿಬಿಟ್ಟಿದ್ದ.

ಗ್ರಹದಲ್ಲಿ ಏಳು ಜನ ಯಾಕೆ ಇದ್ದಾರೆ ಅಂದೆ. "ಪ್ಲಾನೆಟ್ ಯಾರ ಅಪ್ಪನ ಮನೆ ಜಾಗ ಅಲ್ಲ ಮಾರಾಯ್ರೆ, ಎಲ್ಲರೂ ಬರ್ತಾರೆ." ಹಾಗಾದರೆ ಗೇಣಿ ಯಾವುದಕ್ಕೆ ತೆಗೆದುಕೊಂಡಿರಿ ಅಂದೆ. ಅದಕ್ಕೆ ಉತ್ತರ ಇಲ್ಲ. ಒಂದು ಗಂಟೆ ಬಿಟ್ಟು, "ಶೀಟ್‌ನಲ್ಲೇ ಅಂದಾಜು ಅಂತ ಬರ್ದಿದೆ, ನೀವು ಓದ್ಲಿಲ್ಲ." ಹೋಗಿ ನೋಡಿದರೆ ಹೌದು, ಕೆಳಗೆ ಸಣ್ಣ ಅಕ್ಷರದಲ್ಲಿ "ಇದು ಅಂದಾಜು ಮಾತ್ರ" ಅಂತ ಇದೆ. ಆದರೆ ದುಡ್ಡು ಕೊಡುವ ದಿನ ಇಳಿಸಿಕೊಂಡ ಪ್ರತಿ ನನ್ನ ಹತ್ತಿರ ಇತ್ತು. ಅದರಲ್ಲಿ ಆ ಸಾಲೇ ಇಲ್ಲ. ನಾನು ಕೇಳಿದ ಮೇಲೆ ಸೇರಿಸಿದ್ದಾನೆ. ಎರಡೂ ಚಿತ್ರ ಕಳಿಸಿದೆ, ನೋಡಿದ ಗುರುತು ಬಂತು, ಮಾತಿಲ್ಲ.

ಮೂರನೆಯ ದಿನ ಗ್ರಹದಿಂದ ಮಾಲು ಹೊರಗೆ ಹೋಗುವ ಕಸ್ಟಮ್ಸ್ ಆಫೀಸ್‌ನ ತೆರಿಗೆ 3% ಇದ್ದದ್ದು 15% ಆಯಿತು. ತೆಗೆದ ಸ್ವಲ್ಪ ಮಾಲನ್ನೂ ಮೇಲೆ ಸಾಗಿಸಲು ಅವನಿಗೇ ಕಟ್ಟಬೇಕು. ಕೇಳಿದ್ದಕ್ಕೆ, "ಖರ್ಚು ಉಂಟಲ್ಲ ನಮ್ಗೂ. ಬೇಕಾದ್ರೆ ಬೇರೆ ಒಳ್ಳೆ ಪ್ಲಾನೆಟ್ ಉಂಟು, ಇಸ್ಕ್ ಬೇಡ, ಯುಪಿಐ ಮಾಡಿ." ಆ ಮಾತು ಬಂದ ಮೇಲೆ ನಿಲ್ಲಿಸಿದೆ. ನಿಜವಾದ ದುಡ್ಡು ಕೊಟ್ಟು ಆಟಗಾರರಿಂದ ಏನಾದರೂ ಕೊಳ್ಳುವುದು ಗೇಮ್‌ನ ನಿಯಮಕ್ಕೆ ವಿರುದ್ಧ, ಅಕೌಂಟೇ ಹೋಗಬಹುದು. ಕೊಡುವುದಿಲ್ಲ ಅಂದೆ. ಬ್ಲಾಕ್ ಮಾಡಿದ.

45 ಕೋಟಿ ವಾಪಸ್ ಬರುವ ದಾರಿ ಇಲ್ಲ. ಈ ಗೇಮ್‌ನಲ್ಲಿ ಒಬ್ಬ ಆಟಗಾರ ಇನ್ನೊಬ್ಬನನ್ನು ಮಾತಿನಲ್ಲಿ ಮರುಳು ಮಾಡಿ ಇಸ್ಕ್ ತೆಗೆದುಕೊಂಡರೆ ಅದು ಆಟದ ಭಾಗ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕಟ್ಟಿದ ಫ್ಯಾಕ್ಟರಿ ಕೆಡವಿದರೂ ಒಂದು ಇಸ್ಕ್ ವಾಪಸ್ ಇಲ್ಲ. ಸಂಜೆ 4:30ಕ್ಕೆ ಸರ್ವರ್ ಮುಚ್ಚಿ ತೆರೆದ ಮೇಲೆ ದಿನಾ ಹೋಗಿ ನೋಡುತ್ತಿದ್ದೆ. ಆರು ಫ್ಯಾಕ್ಟರಿಯಲ್ಲಿ ಎರಡು ಓಡುತ್ತಿದ್ದವು, ಮೂರನೆಯದು ಆಗಾಗ. ಉಳಿದ ಮೂರು ಕಟ್ಟಿದ ದಿನದಿಂದ ಒಂದು ಸಲವೂ ಓಡಿಲ್ಲ.

ನಾನು ಹೇಳುವುದು ಇಷ್ಟೇ. ಯಾರ ಶೀಟ್ ಕೂಡ ನಂಬಬೇಡಿ, ನನ್ನದನ್ನೂ. ದುಡ್ಡು ಕೊಡುವ ಮೊದಲು ನೀವೇ ಆ ಗ್ರಹ ಸ್ಕ್ಯಾನ್ ಮಾಡಿ, ಸ್ಲೈಡರ್ ತುದಿಯವರೆಗೆ ಎಳೆದು ನೋಡಿ, ಬೇರೆಯವರ ನೆಟ್‌ವರ್ಕ್ ನೋಡಿ. ಆಗದಿದ್ದರೆ ಮೂರು ದಿನದ ಪ್ರೋಗ್ರಾಂ ಹಾಕಿ ಗ್ರಾಫ್ ಸಮೇತ ಪೂರ್ತಿ ಚಿತ್ರ ಕಳಿಸಿ ಅನ್ನಿ. ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕೊಡಬೇಡಿ. ಮತ್ತೆ, ಊರಿನವರು ಅನ್ನುವ ಒಂದೇ ಕಾರಣಕ್ಕೆ ಕೊಡಬೇಡಿ. ನಾನು ಕೊಟ್ಟದ್ದು ಅದೊಂದೇ ಕಾರಣಕ್ಕೆ.

ತಮ್ಮನ ಇಸ್ಕ್ ನಾನು ಕಂತಿನಲ್ಲಿ ಕೊಡುತ್ತಿದ್ದೇನೆ. ಬೇಡ ಅಣ್ಣಾ ಅನ್ನುತ್ತಾನೆ, ಆದರೆ ಗೇಮ್ ತೆರೆದು ತಿಂಗಳಾಯಿತು. ನಿನ್ನೆ ಅದೇ ಮನುಷ್ಯ ಬೇರೆ ಹೆಸರಿನಲ್ಲಿ ಗೇಣಿಗೆ ಗ್ರಹ ಉಂಟು ಅಂತ ಹಾಕಿದ್ದಾನೆ. ಚಿತ್ರ ಅದೇ ಬೆಳ್ಳಗಿನ ಗ್ರಹ. ಸ್ಲೈಡರ್ ಕೂಡ ಅದೇ ಜಾಗದಲ್ಲಿದೆ.