ವಿಂಡೋಸ್ 11 ಹಾಕಿಸುವವರೇ, ‘ಡಿ ಡ್ರೈವಿನಲ್ಲಿದ್ದದ್ದು ಹೋಗಲ್ಲ’ ಅನ್ನೋದನ್ನು ನಂಬಬೇಡಿ

ಕುಮಟಾ ಕಡೆಯ ಒಂದು ಮನೆಯ ಕಂಪ್ಯೂಟರ್. 2018ರಲ್ಲಿ ಅಂಗಡಿಯಲ್ಲಿ ಜೋಡಿಸಿಕೊಟ್ಟದ್ದು: ಎಂಟನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಡಿಸ್ಕಿನಲ್ಲಿ ಸಿ, ಡಿ, ಇ, ಎಫ್ ಎಂದು ನಾಲ್ಕು ಭಾಗ. ವಿಂಡೋಸ್ 11 ಹಾಕಿಸಲು ಕೊಡುವಾಗ ಮನೆಯವರು ಹೇಳಿದ್ದು ಒಂದೇ ಮಾತು: ‘ಸಿ ಮಾತ್ರ ಫಾರ್ಮ್ಯಾಟ್ ಮಾಡಿ, ಉಳಿದದ್ದು ಮುಟ್ಟಬೇಡಿ.’ ವಾಪಸ್ ಬಂದಾಗ ಒಳಗೆ 930 ಜಿಬಿಯ ಒಂದೇ ಒಂದು ಸಿ ಡ್ರೈವ್, ವಿಂಡೋಸ್ ಬಿಟ್ಟರೆ ಖಾಲಿ. ಉಪನಯನ, ಮದುವೆಯ ಫೋಟೊಗಳು, ಅಡಿಕೆ ತೋಟದ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಯಕ್ಷಗಾನದ ಪದ್ಯಗಳು ಯಾವುದೂ ಇಲ್ಲ.

ಎಕ್ಸ್‌ಪಿ, ವಿಂಡೋಸ್ 7 ಕಾಲದಲ್ಲಿ ‘ಸಿ ಮಾತ್ರ ಹೋಗುತ್ತದೆ’ ಅನ್ನುವುದು ನಿಜವೇ ಆಗಿತ್ತು. ಈಗ ಅದು ಸುಳ್ಳಾಗಿರುವುದಕ್ಕೆ ಕಾರಣ ಇದೆ. ಡಿ, ಇ, ಎಫ್ ಬೇರೆ ಬೇರೆ ಡಿಸ್ಕ್ ಅಲ್ಲ, ಒಂದೇ ಡಿಸ್ಕಿಗೆ ಎಳೆದ ಗೆರೆಗಳು. ಆ ಗೆರೆಗಳ ಲೆಕ್ಕ ಇಡುವ ಹಳೆಯ ಪದ್ಧತಿ ಎಂಬಿಆರ್, ಹೊಸದು ಜಿಪಿಟಿ. ವಿಂಡೋಸ್ 11 ಕೇಳುವುದು ಯುಇಎಫ್‌ಐ (ಕಂಪ್ಯೂಟರ್ ಶುರುವಾಗುವ ಹೊಸ ವಿಧಾನ), ಸೆಕ್ಯೂರ್ ಬೂಟ್ (ಶುರುವಾಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಒಳಬಿಡುವ ಕಾವಲು) ಮತ್ತು ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ವ್ಯವಸ್ಥೆ). ಯುಇಎಫ್‌ಐ ವಿಧಾನದಲ್ಲಿ ವಿಂಡೋಸ್ ಜಿಪಿಟಿ ಡಿಸ್ಕಿನ ಮೇಲೆ ಮಾತ್ರ ಕೂರುತ್ತದೆ. ಹಾಗಾಗಿ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ವಿಧಾನದಲ್ಲಿ ಶುರು ಮಾಡಲು ಬಿಡುವ ಆಯ್ಕೆ) ಬಂದ್ ಮಾಡಿ, ಪೆನ್ ಡ್ರೈವಿನಿಂದ ಶುರು ಮಾಡಿದರೆ ‘ಈ ಡಿಸ್ಕಿನಲ್ಲಿ ಹಾಕಲು ಆಗದು, ಎಂಬಿಆರ್ ಇದೆ’ ಎಂಬ ಸಂದೇಶ ಬರುತ್ತದೆ. ಅವಸರದವರು ಆಗ ಮಾಡುವ ಕೆಲಸ ಒಂದೇ: ಶಿಫ್ಟ್ ಎಫ್10 ಒತ್ತಿ, ಡಿಸ್ಕಿನ ಭಾಗಗಳನ್ನು ಬದಲಿಸುವ ಡಿಸ್ಕ್‌ಪಾರ್ಟ್ ಸಾಧನ ತೆರೆದು, ‘ಕ್ಲೀನ್’ ಅಂತ ಹೊಡೆಯುವುದು. ‘ಹೌದಾ, ಅಲ್ಲವಾ’ ಎಂದು ಅದು ಕೇಳುವುದೂ ಇಲ್ಲ. ಎರಡು ಸೆಕೆಂಡಿನಲ್ಲಿ ನಾಲ್ಕೂ ಭಾಗ ಮಾಯ.

ಡಿಸ್ಕ್ ಅಳಿಸದೆ ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸಲು ವಿಂಡೋಸ್ 10ರಲ್ಲೇ ‘ಎಂಬಿಆರ್2ಜಿಪಿಟಿ’ ಎಂಬ ಸಾಧನ ಇದೆಯಲ್ಲ ಎಂದು ಕೇಳಬಹುದು. ಇದೆ, ಚೆನ್ನಾಗಿಯೂ ಕೆಲಸ ಮಾಡುತ್ತದೆ. ಆದರೆ ಡಿಸ್ಕಿನಲ್ಲಿ ಪ್ರೈಮರಿ ಭಾಗಗಳು ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಭಾಗ (ಒಳಗೆ ‘ಲಾಜಿಕಲ್’ ಎಂಬ ಸಣ್ಣ ಭಾಗಗಳನ್ನು ಇಟ್ಟುಕೊಳ್ಳುವ ದೊಡ್ಡ ಭಾಗ) ಇರಲೇಬಾರದು. ನಮ್ಮ ಕಡೆ ಜೋಡಿಸಿದ ಕಂಪ್ಯೂಟರುಗಳಲ್ಲಿ ಡಿ, ಇ, ಎಫ್ ಸಾಮಾನ್ಯವಾಗಿ ಇರುವುದೇ ಎಕ್ಸ್‌ಟೆಂಡೆಡ್ ಒಳಗಿನ ಲಾಜಿಕಲ್ ಭಾಗಗಳಾಗಿ. ಪರೀಕ್ಷೆಯ ಹಂತದಲ್ಲೇ ಆ ಸಾಧನ ಕೈಚೆಲ್ಲುತ್ತದೆ. ಕುಮಟಾದಲ್ಲೂ ಆದದ್ದು ಇದೇ.

ನಿಮ್ಮದು ಹೇಗಿದೆ ಎಂದು ನೋಡಲು ಐದು ನಿಮಿಷ ಸಾಕು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿ, ಇ, ಎಫ್ ಸುತ್ತ ಹಸಿರು ಚೌಕಟ್ಟು ಕಂಡರೆ ಅದು ಎಕ್ಸ್‌ಟೆಂಡೆಡ್. ‘ಡಿಸ್ಕ್ 0’ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ವಾಲ್ಯೂಮ್ಸ್ ನೋಡಿ, ಎಂಬಿಆರೋ ಜಿಪಿಟಿಯೋ ಅಲ್ಲಿ ಬರೆದಿರುತ್ತದೆ. ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಬಯೋಸ್ ಮೋಡ್ ಎದುರು ‘ಲೆಗಸಿ’ (ಹಳೆಯ ವಿಧಾನ) ಎಂದಿದ್ದರೆ ಈ ಬರಹ ನಿಮಗಾಗಿಯೇ.

ಇಂಥ ಯಂತ್ರಕ್ಕೆ ಅತಿ ಸುರಕ್ಷಿತ ದಾರಿ ಹೊಸ ಎಸ್‌ಎಸ್‌ಡಿ. 256 ಜಿಬಿ ಸಾಕು, 500 ಇದ್ದರೆ ಒಳ್ಳೆಯದು. ಕರೆಂಟು ತೆಗೆದು, ಹಳೆಯ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಿತ್ತು ಪಕ್ಕಕ್ಕಿಡಿ. ಕಿತ್ತಿಡುವುದೇ ಮುಖ್ಯ. ಕೇಬಲ್ ಇಲ್ಲದ ಡಿಸ್ಕನ್ನು ಯಾರೂ ತಪ್ಪಿ ಅಳಿಸಲಾರರು. ಆಮೇಲೆ ಬಯೋಸ್‌ನಲ್ಲಿ ಸಿಎಸ್‌ಎಂ ಆಫ್, ಇಂಟೆಲ್ ಆದರೆ ಪಿಟಿಟಿ ಆನ್, ಎಎಂಡಿ ಆದರೆ ಎಫ್‌ಟಿಪಿಎಂ ಆನ್ ಮಾಡಿ (ಎರಡೂ ಟಿಪಿಎಂನ ರೂಪಗಳೇ), ಎಸ್‌ಎಸ್‌ಡಿಯ ಮೇಲೆ ವಿಂಡೋಸ್ 11 ಹಾಕಿ. ಎಲ್ಲ ಸರಿಯಾಗಿ ನಡೆದ ಮೇಲೆ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ. ಜಿಪಿಟಿ ಬೇಕಾಗಿರುವುದು ಬೂಟ್ ಆಗುವ ಡಿಸ್ಕಿಗೆ ಮಾತ್ರ. ಕಡತ ಇಡುವ ಡಿಸ್ಕ್ ಎಂಬಿಆರ್ ಆಗಿದ್ದರೂ ಹೊಸ ವಿಂಡೋಸ್ ಸಲೀಸಾಗಿ ಓದುತ್ತದೆ. ಏನಾದರೂ ಕೈಕೊಟ್ಟರೆ ಸಿಎಸ್‌ಎಂ ಆನ್ ಮಾಡಿ ಹಳೆಯ ಡಿಸ್ಕಿನಿಂದ ಶುರು ಮಾಡಿ, ಹಳೆಯ ವಿಂಡೋಸ್ 10 ಅಲ್ಲೇ ಇರುತ್ತದೆ.

ಇದ್ದ ಡಿಸ್ಕಿನಲ್ಲೇ ಮಾಡುವುದಾದರೆ ಡಿ, ಇ, ಎಫ್ ಮೂರನ್ನೂ, ಜೊತೆಗೆ ಸಿಯಲ್ಲಿರುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಕೂಡ ಹೊರಗಿನ ಡಿಸ್ಕಿಗೆ ನಕಲು ಮಾಡಿ. 300 ಜಿಬಿಗೆ ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ ಎರಡೂವರೆ, ಮೂರು ತಾಸು ಹಿಡಿಯುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಲ್ಲಿ ಒಂದು ತಾಸಿನ ಆಸುಪಾಸು. ನಕಲಾದ ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ನಂತರವೇ ಮುಂದಿನ ಹೆಜ್ಜೆ. ಮಳೆಗಾಲದಲ್ಲಿ ಘಟ್ಟದ ಮೇಲಾಗಲಿ ಕೆಳಗಾಗಲಿ ತಂತಿಯ ಮೇಲೆ ಮರ ಬೀಳುವ ದಿನ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಇದ್ದ ವಿಂಡೋಸನ್ನೇ ಅಪ್‌ಗ್ರೇಡ್ ಮಾಡುವ ಮಧ್ಯೆ ಕರೆಂಟು ಹೋದರೆ ಸಾಮಾನ್ಯವಾಗಿ ಹಿಂದಕ್ಕೆ ಸರಿದುಕೊಳ್ಳುತ್ತದೆ, ಭಾಗಗಳನ್ನು ಬದಲಿಸುವಾಗ ಹೋದರೆ ಹಾಗಲ್ಲ.

ಸಿಡಿಲಿನ ಕಾಲದಲ್ಲಿ ಪ್ಲಗ್ ಕಿತ್ತಿಡುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಆದರೆ ಆರೇಳು ವರ್ಷದ ಮದರ್‌ಬೋರ್ಡಿನಲ್ಲಿ ಸಿಆರ್2032 ಸೆಲ್ ಸತ್ತಿದ್ದರೆ, ಪ್ಲಗ್ ಕಿತ್ತಾಗಲೆಲ್ಲ ಬಯೋಸ್ ಮೊದಲಿನ ಸ್ಥಿತಿಗೆ ಮರಳುತ್ತದೆ. ಹಲವು ಹಳೆಯ ಬೋರ್ಡುಗಳಲ್ಲಿ ಆಗ ಪಿಟಿಟಿ ಆಫ್ ಆಗುತ್ತದೆ, ಬೂಟ್ ಕ್ರಮ ತಪ್ಪುತ್ತದೆ, ಪರದೆಯ ಮೇಲೆ ‘ಬೂಟ್ ಡಿವೈಸ್ ಇಲ್ಲ’ ಎಂದು ಬರುತ್ತದೆ. ಡಿಸ್ಕ್ ಹಾಳಾಯಿತೆಂದು ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿಸುವವರು ಇದ್ದಾರೆ. ಗಡಿಯಾರ ಹಿಂದೆ ಬೀಳುತ್ತಿದೆಯೇ ನೋಡಿ, ಸೆಲ್ಲನ್ನು ಮೊದಲೇ ಬದಲಿಸಿ.

ಲ್ಯಾಪ್‌ಟಾಪಿನವರಿಗೆ ಬೇರೊಂದು ಅಪಾಯ. ಡಿಸ್ಕ್ ಗೂಢಲಿಪೀಕರಣ (ವಿಂಡೋಸ್‌ನ ಬಿಟ್‌ಲಾಕರ್ ಬೀಗ) ಆನ್ ಇದ್ದು ಬಯೋಸ್‌ನ ಟಿಪಿಎಂ ಮುಟ್ಟಿದರೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತದೆ. ಅದಿಲ್ಲದೆ ಯಾವ ರಿಪೇರಿಯವನೂ ಒಳಗೆ ಹೋಗಲಾರ. ಮೊದಲೇ ಕಾಗದದ ಮೇಲೆ ಬರೆದಿಡಿ.

ನುಡಿ, ಬರಹದಲ್ಲಿ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್ ಬಳಸಿ ಬರೆದ ಕಡತಗಳು ಹೊಸ ವಿಂಡೋಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ವೈರಸ್ ಎಂದು ಅಳಿಸಬೇಡಿ. ಸಿ ಡ್ರೈವಿನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಮೊದಲೇ ನಕಲು ಮಾಡಿಟ್ಟುಕೊಂಡು ಹೊಸದರಲ್ಲಿ ಹಾಕಿದರೆ ಕನ್ನಡ ಮರಳುತ್ತದೆ.

ಈಗಾಗಲೇ ‘ಕ್ಲೀನ್’ ಆಗಿಹೋಗಿದ್ದರೆ ಕಂಪ್ಯೂಟರ್ ತಕ್ಷಣ ಬಂದ್ ಮಾಡಿ. ಆ ಆಜ್ಞೆ ಅಳಿಸುವುದು ಗೆರೆಗಳ ಲೆಕ್ಕವನ್ನು, ಕಡತಗಳನ್ನಲ್ಲ. ಹಾರ್ಡ್ ಡಿಸ್ಕ್ ಆದರೆ ಅವು ಇನ್ನೂ ಅಲ್ಲೇ ಇರುತ್ತವೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಜಾಗವನ್ನು ನಿಜಕ್ಕೂ ಖಾಲಿ ಮಾಡುವ ಕೆಲಸ) ನಡೆದರೆ ಆಸೆ ಕಡಿಮೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ಭಾಗಗಳನ್ನು ಹುಡುಕಿ, ಸಿಕ್ಕಿದ್ದನ್ನು ಮೂರನೇ ಡಿಸ್ಕಿಗೆ ಇಳಿಸಿ, ಅದೇ ಡಿಸ್ಕಿಗೆ ಬರೆಯಬೇಡಿ. ಕುಮಟಾದ ಕಂಪ್ಯೂಟರ್ ಒಂದು ತಿಂಗಳು ಬಳಕೆಯಲ್ಲೇ ಇತ್ತು. ಅಳಿದ ಕಡತ ಹುಡುಕುವ ಫೋಟೊರೆಕ್ ತಂತ್ರಾಂಶ ಒಂದಷ್ಟು ಚಿತ್ರಗಳನ್ನು ತೆಗೆದುಕೊಟ್ಟಿತು, ಹೆಸರಿಲ್ಲದೆ, ಬರೀ ಅಂಕಿಗಳಲ್ಲಿ. ಪದ್ಯಗಳ ಕಡತ ಸಿಗಲಿಲ್ಲ.